ಗೂಡು ಹಾಳಾದದ್ದೂ ನಿಜ, ಬೀಗರು ಹೋದದ್ದೂ ನಿಜ

ಪತ್ರ

ಅಮ್ಮಾ,

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಊರಿನ ಹೆಸರು, ನನ್ನ ಹೆಸರು ದಯವಿಟ್ಟು ಹಾಕಬೇಡಿ. ಮನೆಯಲ್ಲಿ ಯಜಮಾನರು, ಮಗ, ಸೊಸೆ, ಮೂರೂವರೆ ತಿಂಗಳ ಮೊಮ್ಮಗಳು ಇದ್ದಾರೆ. ಎರಡು ಎಕರೆ ಹಿಪ್ಪುನೇರಳೆ ಇದೆ, ಹುಳ ಮೇಯಿಸುತ್ತೇವೆ.

ಕೊರೊನಾ ಹೋಗಿ ವರ್ಷಗಳಾದವು, ನಮ್ಮ ಮನೆಯ ಜಗಳ ಮಾತ್ರ ಹೋಗಿಲ್ಲ. 2020ರ ಮಾರ್ಚ್‌ನಲ್ಲಿ ಮಗ ಮೊದಲ ಸಲ ತನ್ನದೇ ಜವಾಬ್ದಾರಿಯಲ್ಲಿ ಬೆಳೆ ತೆಗೆದಿದ್ದ. ಹುಳುಮನೆಗೆ ಸಾಲ ಮಾಡಿದ್ದ. ಗೂಡು ಬಿಡಿಸುವ ಹೊತ್ತಿಗೆ ಸರಿಯಾಗಿ ಲಾಕ್‌ಡೌನ್ ಬಂತು. ಗೂಡು ಹೇರಿಕೊಂಡು ಹೋದವನನ್ನು ಪೊಲೀಸರು ದಾರಿಯಲ್ಲೇ ವಾಪಸ್ ಕಳಿಸಿದರು. ಅರ್ಧ ಗೂಡು ಚಿಟ್ಟೆ ಒಡೆದು ಹಾಳಾಯಿತು, ಉಳಿದದ್ದು ಬಂದ ರೇಟಿಗೆ ಹೋಯಿತು. ಆ ದಿನ ನಾನು ಮನೆಯಲ್ಲಿರಲಿಲ್ಲ, ಬೆಂಗಳೂರಿಂದ ಬಂದವರ ಪಟ್ಟಿ ಮಾಡಲು ಪಕ್ಕದ ಹಳ್ಳಿಗೆ ಹೋಗಿದ್ದೆ. ಅಂದಿನಿಂದ ಅವನು ‘ಕೊರೊನಾನೇ ಸುಳ್ಳು, ಎಲ್ಲಾ ದುಡ್ಡು ಹೊಡೆಯೋಕೆ ಮಾಡಿದ ಆಟ’ ಎನ್ನುತ್ತಾನೆ. ಟೀ ಅಂಗಡಿಯಲ್ಲಿ ಹೇಳಿಕೊಳ್ಳಲಿ, ಆದರೆ ಮನೆಯಲ್ಲೂ ಅದೇ ಮಾತು.

ಸೊಸೆ ಗೌರಿಬಿದನೂರಿನವಳು. ಅವಳ ಅಪ್ಪ, ನಮ್ಮ ಬೀಗರು, ಆಟೋ ಓಡಿಸುತ್ತಿದ್ದರು. 2021ರ ಮೇ ತಿಂಗಳಲ್ಲಿ ಕೊರೊನಾದಿಂದ ತೀರಿಕೊಂಡರು. ಮದುವೆಗೆ ಎರಡು ವರ್ಷ ಮೊದಲಿನ ಮಾತು. ಹೆಣ ಮನೆಗೆ ಬರಲಿಲ್ಲ. ಇವನು ‘ಸುಳ್ಳು’ ಎಂದಾಗಲೆಲ್ಲ ಅವಳು ಅಡುಗೆಮನೆಗೆ ಹೋಗಿಬಿಡುತ್ತಾಳೆ.

ಈಗ ಮಗುವಿಗೆ ಒಂದೂವರೆ ತಿಂಗಳ ಲಸಿಕೆಯಿಂದ ಹಿಡಿದು ಯಾವುದನ್ನೂ ಹಾಕಿಸಲು ಬಿಡುತ್ತಿಲ್ಲ. ಹಾಸನದಲ್ಲಿ ಹುಡುಗರು ಹಾರ್ಟ್ ಅಟ್ಯಾಕ್ ಆಗಿ ಸತ್ತದ್ದು ಲಸಿಕೆಯಿಂದಲೇ ಅಂತ ಮೊಬೈಲ್ ತೋರಿಸುತ್ತಾನೆ. ಊರ ಮಕ್ಕಳಿಗೆಲ್ಲ ಲಸಿಕೆ ಹಾಕಿಸಿದವಳ ಮನೆಯಲ್ಲೇ ಹೀಗೆ, ನಗೆಪಾಟಲಾಗಿದ್ದೇನೆ. ಚಿಂತಾಮಣಿಯಲ್ಲಿ ನನ್ನ ತಮ್ಮ ಹೈಸ್ಕೂಲ್ ಮೇಷ್ಟ್ರು. ಅವನದು ಇದಕ್ಕೆ ತದ್ವಿರುದ್ಧ, ಸರ್ಕಾರ ಇನ್ನೂ ಬಿಗಿ ಮಾಡಬೇಕಿತ್ತು ಎನ್ನುತ್ತಾನೆ. ಯುಗಾದಿಗೆ ಬಂದಾಗ ಮಾವ, ಸೋದರಳಿಯ ಕೈಕೈ ಮಿಲಾಯಿಸುವುದೊಂದು ಬಾಕಿ.

ಗುರುವಾರ ಮಗ ಗೂಡು ಹಾಕಲು ಮಾರುಕಟ್ಟೆಗೆ ಹೋದಾಗ ನಾನೂ ಸೊಸೆಯೂ ಮಗುವನ್ನು ಕರೆದೊಯ್ದು ಲಸಿಕೆ ಹಾಕಿಸಿಬಿಡಲೇ? ಇನ್ನೊಂದು ವಿಷಯ. ಕೊರೊನಾ ಕಾಲದಲ್ಲಿ ಮೇಲಿನವರು ಹೇಳಿದ್ದಕ್ಕೆ ಒಂದು ಮನೆ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದ್ದೆ. ಆ ಮನೆಯವರು ಇವತ್ತಿಗೂ ನನ್ನ ಮುಖ ನೋಡುವುದಿಲ್ಲ. ನಾನು ಮಾಡಿದ್ದು ತಪ್ಪಾ? ನಾಳೆ ಮತ್ತೊಂದು ರೋಗ ಬಂದರೆ ಯಾವ ಮುಖ ಇಟ್ಟುಕೊಂಡು ಮನೆಮನೆಗೆ ಹೋಗಲಿ?

ಉತ್ತರ

ಅಕ್ಕಾ,

ಗುರುವಾರದ ಮಾತು ಮೊದಲು ಮುಗಿಸೋಣ. ಮಿಕ್ಕಿದ್ದೆಲ್ಲ ಕಾಯಬಹುದು, ಮಗುವಿನ ಲಸಿಕೆ ಬಹಳ ದಿನ ಕಾಯಬಾರದು.

ಕದ್ದು ಹಾಕಿಸಬೇಡಿ. ಲಸಿಕೆ ಬೇಡ ಎನ್ನುತ್ತಿಲ್ಲ, ಅದು ಆಗಲೇಬೇಕು. ಆದರೆ ಪೆಂಟಾವೇಲೆಂಟ್ ಹಾಕಿಸಿದ ರಾತ್ರಿ ಮಗುವಿನ ಮೈ ಬಿಸಿಯಾಗುತ್ತದೆ, ತೊಡೆ ಊದಿ ಗಟ್ಟಿಯಾಗುತ್ತದೆ, ಮಗು ಬಿಡದೆ ಅಳುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಗ ಎದ್ದು ಬಂದು ನೋಡುತ್ತಾನೆ. ಇಷ್ಟು ವರ್ಷದಿಂದ ಅವನು ಹೇಳುತ್ತಾ ಬಂದಿರುವ ದೂರು ಒಂದೇ: ನಮ್ಮನ್ನು ಕೇಳದೆ, ನಮಗೆ ಹೇಳದೆ, ನಮ್ಮ ಮೇಲೆ ಏನೇನೋ ಮಾಡಿದರು. ನೀವು ಕದ್ದು ಹಾಕಿಸಿದರೆ ಆ ದೂರಿಗೆ ಅವನ ಮನೆಯಲ್ಲೇ ಸಾಕ್ಷಿ ಸಿಕ್ಕಂತಾಗುತ್ತದೆ. ಮುಂದಿನ ಡೋಸ್‌ಗೆ ಅವನು ಮಗುವನ್ನು ಕಂಕುಳಿಂದ ಇಳಿಸುವುದಿಲ್ಲ. ಬರೀ ಒಂದು ಚುಚ್ಚುಮದ್ದಲ್ಲ, ಒಂದು ತಿಂಗಳ ಅಂತರದಲ್ಲಿ ಮೂರು ಸುತ್ತು ಇವೆ, ಆಮೇಲೆ ಒಂಬತ್ತು ತಿಂಗಳಿಗೆ ದಡಾರ–ರುಬೆಲ್ಲಾ ಇದೆ. ಅಷ್ಟು ಸಲ ಕದಿಯಲಾಗದು.

ಸೊಸೆ ಹೇಳಿಯೇ ಹೋಗಲಿ. ಅವಳು ಮಗುವಿನ ತಾಯಿ, ಅವಳ ಮಾತಿಗೆ ಅವನ ಮಾತಿನಷ್ಟೇ ತೂಕವಿದೆ. ನಿಮ್ಮ ಪತ್ರದಲ್ಲಿ ಮಗ ಏನೆಂದ ಎಂಬುದು ತುಂಬಾ ಇದೆ, ಸೊಸೆ ಏನೆಂದಳು ಎಂಬುದು ಒಂದು ಕಡೆಯೂ ಇಲ್ಲ. ಅವಳಿಗೆ ಲಸಿಕೆ ಬೇಕೋ ಬೇಡವೋ ಎಂದು ಯಾರಾದರೂ ಕೇಳಿದ್ದೀರಾ? ಬೇಕು ಎಂದರೆ ಮೂರು ದಿನ ಮೊದಲೇ ಅವಳು ಗಂಡನಿಗೆ ಹೇಳಲಿ: ‘ಗುರುವಾರ ಪಾಪುಗೆ ಇಂಜೆಕ್ಷನ್ ಹಾಕಿಸ್ತೀನಿ, ನೀವೂ ಬನ್ನಿ.’ ಅವನು ಕೂಗಾಡಿದರೆ ಆ ಗುರುವಾರ ಬಿಟ್ಟು ಮುಂದಿನ ಗುರುವಾರ ಎನ್ನಲಿ. ಎರಡನೇ ಸಲವೂ ಕೂಗಾಡಿದರೆ ಹೇಳಿಯೇ ಹೊರಡಲಿ. ತಡವಾಯಿತೆಂದು ಗಾಬರಿ ಬೇಡ, ಒಂದು ವರ್ಷದೊಳಗೆ ಯಾವಾಗ ಹೋದರೂ ಪೆಂಟಾ ಮೊದಲ ಡೋಸ್ ಶುರು ಮಾಡಬಹುದು. ಆದರೆ ನಾಯಿಕೆಮ್ಮು ತೀರಾ ಚಿಕ್ಕ ಕೂಸುಗಳಿಗೇ ಹೆಚ್ಚು ಅಪಾಯ ತರುವ ರೋಗ, ಹಾಗಾಗಿ ಎರಡು ವಾರಕ್ಕಿಂತ ಎಳೆಯಬೇಡಿ.

ನಿಮ್ಮ ಪಾತ್ರ ಇದರಲ್ಲಿ ಕಡಿಮೆ ಇರಲಿ. ನೀವು ಆ ಮನೆಯಲ್ಲಿ ಅಜ್ಜಿ. ಆಶಾ ಆಗಿ ಮಾತಾಡಬೇಕಾದವರು ಬೇರೆ ಯಾರಾದರೂ ಆಗಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೋ, ಉಪಕೇಂದ್ರದ ಸಿಸ್ಟರೋ ಮನೆಗೆ ಬಂದು, ಅವನಿಗೆ ಕುರ್ಚಿ ಹಾಕಿ ಕೂರಿಸಿ, ಅವನ ಪ್ರಶ್ನೆಗಳಿಗೆ ಉತ್ತರ ಹೇಳಲಿ. ಮೊದಲ ಉತ್ತರ ಬಹಳ ಸರಳ: ಮಗುವಿಗೆ ಹಾಕುವುದರಲ್ಲಿ ಕೊರೊನಾ ಲಸಿಕೆಯೇ ಇಲ್ಲ. ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೊರೊನಾ ಲಸಿಕೆ ಕೊಡಲೇ ಇಲ್ಲ. ತಾಯಿ ಕಾರ್ಡಿನಲ್ಲಿ ಬರೆದಿರುವ ಲಸಿಕೆಗಳಲ್ಲಿ ಹಲವನ್ನು ಚಿಕ್ಕವನಿದ್ದಾಗ ಅವನಿಗೂ ಹಾಕಿಸಿದವರು ನೀವೇ.

ಈಗ ನಿಮ್ಮ ಪತ್ರದ ಒಂದು ಸಾಲಿಗೆ ಬರುತ್ತೇನೆ. ‘ಆ ದಿನ ನಾನು ಮನೆಯಲ್ಲಿರಲಿಲ್ಲ’ ಎಂದು ಬರೆದು ನೀವು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಿಮ್ಮ ಮಗ ಆ ಸಾಲು ದಾಟಿ ಮುಂದೆ ಹೋಗಿಲ್ಲ ಎಂದು ನನಗೆ ಅನ್ನಿಸುತ್ತದೆ.

ಪೇಟೆಯವರಿಗೆ ಇದರ ನೋವು ಗೊತ್ತಾಗುವುದಿಲ್ಲ, ಅದಕ್ಕೆ ಅವರಿಗಾಗಿ ಎರಡು ಮಾತು. ಮೊಟ್ಟೆ ಒಡೆದು ಚಾಕಿ ಎಂಬ ಎಳೆ ಹುಳವಾಗಿ, ಪೊರೆ ಕಳಚುವ ನಾಲ್ಕು ಜ್ವರ ದಾಟಿ, ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಹೊತ್ತಿಗೆ ಸುಮಾರು ಒಂದು ತಿಂಗಳು. ಕೊನೆಯ ವಾರ ಹಗಲು ರಾತ್ರಿ ಸೊಪ್ಪು ಹಾಕಿದರೂ ಸಾಲದು. ಹುಳ ಗೂಡು ಕಟ್ಟಿದ ಮೇಲೆ ಹತ್ತು ಹನ್ನೆರಡು ದಿನದೊಳಗೆ ಅದು ನೂಲು ತೆಗೆಯುವ ರೀಲರ್ ಕೈಸೇರಿ ಬಿಸಿಗೆ ಬೀಳಬೇಕು, ಇಲ್ಲದಿದ್ದರೆ ಒಳಗಿನ ಚಿಟ್ಟೆ ತೂತು ಕೊರೆದು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಲ್ಲಿ ನೂಲು ಬಿಚ್ಚುವುದಿಲ್ಲ. ಆಲೂಗಡ್ಡೆಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡಬಹುದು, ರಾಗಿಯನ್ನು ಕಣಜದಲ್ಲಿ ಇಡಬಹುದು, ಗೂಡು ಯಾರ ಮಾತನ್ನೂ ಕೇಳುವುದಿಲ್ಲ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಮಾತಾಡಿದರು, ಹನ್ನೆರಡಕ್ಕೆ ದೇಶ ಮುಚ್ಚಿತು. ಆ ನಾಲ್ಕು ಗಂಟೆಯಲ್ಲಿ ಶಿಡ್ಲಘಟ್ಟದ ಹುಳುಮನೆಗಳಲ್ಲಿ ಎಷ್ಟು ಗೂಡು ಚಂದ್ರಿಕೆಯ ಮೇಲಿದೆ ಎಂದು ದೆಹಲಿಯಲ್ಲಿ ಯಾರೂ ಯೋಚಿಸಿರಲಿಲ್ಲ. ಚಿಕ್ಕಬಳ್ಳಾಪುರದ ದ್ರಾಕ್ಷಿ, ಗುಲಾಬಿ, ಚಿಂತಾಮಣಿಯ ಟೊಮೆಟೊ ಪಾಡೂ ಅದೇ. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಎಂದು ರಾಜ್ಯ ಸರ್ಕಾರ ಹೇಳಿದ್ದು ಮೇ 6ರಂದು. ಅಷ್ಟರಲ್ಲಿ ಹೂವು ತಿಪ್ಪೆ ಸೇರಿ ಒಂದು ತಿಂಗಳು ದಾಟಿತ್ತು.

ಆದ್ದರಿಂದ ಮಗನ ಹತ್ತಿರ ಮಾತು ಶುರುವಾಗಬೇಕಾದ್ದು ಲಸಿಕೆಯಿಂದ ಅಲ್ಲ. ಒಂದು ದಿನ ಹುಳುಮನೆಯಲ್ಲಿ ಸೊಪ್ಪು ಹಾಕುವಾಗ, ಬೇರೆ ಯಾರೂ ಇಲ್ಲದಾಗ ಹೇಳಿ: ‘ಆವತ್ತು ನಿನ್ನ ಗೂಡು ಹಾಳಾದಾಗ ನಾನು ನಿನ್ನ ಜೊತೆ ಇರಬೇಕಿತ್ತು ಕಣಪ್ಪ. ಮಾರುಕಟ್ಟೆ ಹಾಗೆ ಮುಚ್ಚಿದ್ದು ಅನ್ಯಾಯವೇ.’ ಇದರ ಮುಂದೆ ‘ಆದರೆ’ ಸೇರಿಸಬೇಡಿ. ‘ಆದರೆ ರೋಗ ಇತ್ತಲ್ಲಪ್ಪ’ ಎಂದಿರೋ, ಹೇಳಿದ್ದೆಲ್ಲ ನೀರಿಗೆ ಬಿತ್ತು. ಅಂದು ಅಷ್ಟೇ ಹೇಳಿ ಸುಮ್ಮನಾಗಿ. ಹುಳಕ್ಕೆ ಸೊಪ್ಪು ಹಾಕಿ ಬನ್ನಿ.

ಅವನ ಕೋಪದಲ್ಲಿ ಎರಡು ಬೇರೆ ಬೇರೆ ಮಾತು ಒಂದಾಗಿ ಗಂಟುಬಿದ್ದಿವೆ. ಲಾಕ್‌ಡೌನ್ ನಮ್ಮನ್ನು ಹಾಳು ಮಾಡಿತು ಎಂಬುದು ಒಂದು. ರೋಗವೇ ಇರಲಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಯಾರೂ ಒಪ್ಪಲಿಲ್ಲ, ಅದಕ್ಕೇ ಅವನು ಎರಡನೆಯದನ್ನು ಹಿಡಿದುಕೊಂಡಿದ್ದಾನೆ. ಮೊದಲನೆಯದನ್ನು ನೀವು ಮನಸಾರೆ ಒಪ್ಪಿದರೆ ಎರಡನೆಯದು ಸಡಿಲವಾಗುವ ಸಾಧ್ಯತೆ ಇದೆ. ಆಗಿಯೇ ತೀರುತ್ತದೆ ಎಂದು ಭರವಸೆ ಕೊಡಲಾರೆ.

ಮಜಾ ಏನೆಂದರೆ, ರೋಗಕ್ಕೆ ಎಷ್ಟು ಹೆದರಬೇಕು, ಎಷ್ಟು ಕ್ರಮ ಸಾಕು ಎಂಬ ಲೆಕ್ಕ ನಿಮ್ಮ ಮಗನಿಗೆ ಟಿವಿಯಲ್ಲಿ ಕೂತ ಪಂಡಿತರಿಗಿಂತ ಚೆನ್ನಾಗಿ ಗೊತ್ತು. ಹುಳಕ್ಕೆ ಹಾಲುತೊಂಡೆ ರೋಗ ಬರುವುದು ಕಣ್ಣಿಗೆ ಕಾಣದ ವೈರಸ್‌ನಿಂದ. ಅದು ಕಾಣುವುದಿಲ್ಲ, ಆದ್ದರಿಂದ ಇಲ್ಲ ಎಂದು ಅವನು ಒಂದು ಬೆಳೆಯಲ್ಲೂ ಹೇಳಿರಲಾರ. ಹುಳುಮನೆ ತೊಳೆದು ಬ್ಲೀಚಿಂಗ್ ಹೊಡೆಯುತ್ತಾನೆ, ಸುಣ್ಣ ಎರಚುತ್ತಾನೆ, ಕಂಡವರನ್ನೆಲ್ಲ ಒಳಗೆ ಬಿಡುವುದಿಲ್ಲ. ನಾಲ್ಕು ಹುಳ ಊದಿಕೊಂಡು ಹಾಲು ಸುರಿಸಿದರೆ ಆಯ್ದು ತೆಗೆಯುತ್ತಾನೆ, ಇಡೀ ಬೆಳೆ ಎಸೆಯುವುದಿಲ್ಲ. ಅದೇ ಗಂಟುರೋಗವಾದರೆ ಲೆಕ್ಕ ಬೇರೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ರೋಗ ಕಂಡರೆ ಆ ಮೊಟ್ಟೆಯನ್ನು ಸುಟ್ಟೇ ಬಿಡುತ್ತಾರೆ. ಈ ವಿಧಾನ ಹೇಳಿಕೊಟ್ಟವನು ಲೂಯಿ ಪಾಶ್ಚರ್. 1865ರಲ್ಲಿ ಫ್ರಾನ್ಸಿನ ದಕ್ಷಿಣದ ಅಲೆಸ್ ಎಂಬ ಊರಿನ ರೇಷ್ಮೆ ಬೆಳೆಗಾರರು ದಿವಾಳಿಯಾಗುತ್ತಿದ್ದಾಗ ಅಲ್ಲಿಗೆ ಹೋಗಿ ವರ್ಷಗಟ್ಟಲೆ ಹುಳಗಳ ಜೊತೆ ಕೂತಿದ್ದ. ಹುಚ್ಚುನಾಯಿ ಲಸಿಕೆ ಮಾಡಿದ್ದು ಅದಾದ ಇಪ್ಪತ್ತು ವರ್ಷಕ್ಕೆ. ಲಸಿಕೆಯನ್ನೇ ನಂಬದ ರೇಷ್ಮೆ ಬೆಳೆಗಾರ ಪ್ರತಿ ಸಲ ರೋಗರಹಿತ ಮೊಟ್ಟೆ ತರುವಾಗ ಪಾಶ್ಚರನನ್ನು ನಂಬಿಯೇ ತರುತ್ತಾನೆ. ಇದನ್ನು ಚುಚ್ಚಿ ಹೇಳಬೇಡಿ, ತಮಾಷೆಯಾಗಿ ಹೇಳಿ.

ಪ್ರತಿ ಸಾಂಕ್ರಾಮಿಕದಲ್ಲೂ ನಡೆಯುವ ಜಗಳ ಇದೇ: ಇದು ಆಯ್ದು ತೆಗೆಯುವ ರೋಗವೋ, ಎಲ್ಲವನ್ನೂ ಸುಡಬೇಕಾದ ರೋಗವೋ? 1897ರಲ್ಲಿ ಪುಣೆಯಲ್ಲಿ ಪ್ಲೇಗ್ ನೆಪದಲ್ಲಿ ಸಿಪಾಯಿಗಳು ಮನೆಯೊಳಗೆ ನುಗ್ಗಿ ಜನರನ್ನು ಎಳೆದಾಡಿದಾಗ, ಆ ಕೋಪಕ್ಕೆ ರ‍್ಯಾಂಡ್ ಎಂಬ ಅಧಿಕಾರಿಯ ಕೊಲೆಯೇ ಆಯಿತು. ಮರುವರ್ಷ ಬೆಂಗಳೂರಿಗೆ ಪ್ಲೇಗ್ ಬಂತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಇಲಿ ಬಿತ್ತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಥೆಯನ್ನು ನಿಮ್ಮ ಅಜ್ಜಿಯೂ ಹೇಳಿರಬಹುದು. ಆಗಲೂ ಪ್ಲೇಗ್ ಸುಳ್ಳೆಂದವರು ಕಡಿಮೆ, ಸರ್ಕಾರದ ಕೈಗೆ ರೋಗಿಯನ್ನು ಕೊಡಲು ಹೆದರಿದವರು ಹೆಚ್ಚು.

ಕೊರೊನಾದಲ್ಲಿ ವಿಜ್ಞಾನಿಗಳೇ ಎರಡು ಪಾಳಯವಾಗಿದ್ದರು. 2020ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್‌ನ ಮಾರ್ಟಿನ್ ಕುಲ್ಡಾರ್ಫ್, ಆಕ್ಸ್‌ಫರ್ಡ್‌ನ ಸುನೇತ್ರಾ ಗುಪ್ತಾ, ಸ್ಟ್ಯಾನ್‌ಫರ್ಡ್‌ನ ಜಯ್ ಭಟ್ಟಾಚಾರ್ಯ ಸೇರಿ ಅಮೆರಿಕದ ಗ್ರೇಟ್ ಬ್ಯಾರಿಂಗ್‌ಟನ್ ಎಂಬ ಊರಿನಲ್ಲಿ ಒಂದು ಹೇಳಿಕೆ ಹೊರಡಿಸಿದರು. ವಯಸ್ಸಾದವರನ್ನು, ಕಾಯಿಲೆಯವರನ್ನು ಕಾಪಾಡಿ, ಉಳಿದವರು ಓಡಾಡಲಿ, ಶಾಲೆ ತೆರೆಯಿರಿ ಎಂದರು. ಅದೇ ತಿಂಗಳು ಇನ್ನೊಂದು ಗುಂಪು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಅಷ್ಟು ಜನರನ್ನು ಉಳಿದವರಿಂದ ಬೇರೆ ಇಡುವುದು ಹೇಗೆ ಸಾಧ್ಯ ಎಂಬ ಧಾಟಿಯಲ್ಲಿ ಉತ್ತರ ಕೊಟ್ಟಿತು. ನನ್ನ ಮಟ್ಟಿಗೆ, ನಮ್ಮ ಕೂಡು ಕುಟುಂಬಗಳಿಗೆ ಎರಡನೆಯವರ ಮಾತೇ ಹೆಚ್ಚು ಹೊಂದುತ್ತದೆ. ಶಾಲೆಯ ವಿಷಯದಲ್ಲಿ ಮಾತ್ರ ಮೊದಲನೆಯವರು ಹೇಳಿದ್ದರಲ್ಲಿ ಹುರುಳಿತ್ತು. ಮಗನಿಗೆ ತಿಳಿಯಬೇಕಾದ್ದು ಇಷ್ಟು: ಈ ಎರಡು ಪಾಳಯದಲ್ಲಿ ಒಬ್ಬರೂ ವೈರಸ್ ಸುಳ್ಳು ಎನ್ನಲಿಲ್ಲ. ಲಾಕ್‌ಡೌನ್ ಬೈಯಲು ರೋಗವನ್ನು ಅಲ್ಲಗಳೆಯುವ ಅಗತ್ಯವಿಲ್ಲ.

ಇದೇ ಮಾತನ್ನು ಚಿಂತಾಮಣಿಯ ಮೇಷ್ಟ್ರಿಗೆ ತಿರುಗಿಸಿ ಹೇಳಬೇಕು. ಬಿಗಿ ಮಾಡಿದಷ್ಟೂ ಒಳ್ಳೆಯದು ಎನ್ನುವುದು ತಿಂಗಳ ಸಂಬಳ ನಿಲ್ಲದವರಿಗೆ ಸುಲಭದ ಮಾತು. 2020ರ ಜೂನ್ 25ಕ್ಕೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಶುರುವಾದಾಗ ಎಷ್ಟು ಗದ್ದಲವಾಗಿತ್ತು ಎಂದು ಅವರಿಗೆ ನೆನಪಿರಬೇಕು. ಪಕ್ಕದ ರಾಜ್ಯಗಳು ರದ್ದು ಮಾಡಿದಾಗ ಆಗಿನ ಶಿಕ್ಷಣ ಸಚಿವ ಸುರೇಶ್ ಕುಮಾರ್ ಹಟ ಹಿಡಿದು ನಡೆಸಿದರು, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಹಾಕಿಕೊಂಡು ಬರೆದರು. ಆಗಸ್ಟ್ 10ಕ್ಕೆ ಫಲಿತಾಂಶ ಬಂದಾಗ ಇಡೀ ರಾಜ್ಯಕ್ಕೆ ಮೊದಲು ಬಂದದ್ದು ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆ! ಮಕ್ಕಳ ಜೀವದ ಜೊತೆ ಆಟ ಎಂದು ಬೈದವರಲ್ಲಿ ಎಷ್ಟೋ ಜನ ಅಂದು ಸಿಹಿ ಹಂಚಿದರು. ಮರುವರ್ಷ ಎರಡನೇ ಅಲೆ ಎಷ್ಟು ಭೀಕರವಾಗಿತ್ತೆಂದರೆ, ಅದೇ ಪರೀಕ್ಷೆಯನ್ನು ಎರಡು ದಿನಕ್ಕೆ ಇಳಿಸಿದರು. ಎರಡೂ ತೀರ್ಮಾನ ಆಯಾ ಹೊತ್ತಿಗೆ ಸರಿಯಿದ್ದವು ಎಂದೇ ನನ್ನ ಎಣಿಕೆ. ಸರಿಯಿರದಿದ್ದದ್ದು ಚಿಕ್ಕ ಮಕ್ಕಳ ವಿಷಯ. ಒಂದರಿಂದ ಐದನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಸರಿಸುಮಾರು ಹತ್ತೊಂಬತ್ತು ತಿಂಗಳ ಮೇಲೆ. ನಡುವೆ ವಠಾರದಲ್ಲಿ, ಗುಡಿ ಜಗಲಿಯಲ್ಲಿ ಪಾಠ ಮಾಡುವ ‘ವಿದ್ಯಾಗಮ’ ಬಂತು, ಸೋಂಕಿನ ಭಯಕ್ಕೆ 2020ರ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆಗ ಎರಡನೇ ಕ್ಲಾಸಿನಲ್ಲಿದ್ದ ಮಕ್ಕಳು ಹೈಸ್ಕೂಲಿಗೆ ಬರುವಾಗ ಓದಲು ಎಷ್ಟು ತಡವರಿಸುತ್ತಾರೆ ಎಂಬುದನ್ನು ನಿಮ್ಮ ತಮ್ಮನೇ ಸೋದರಳಿಯನಿಗೆ ಹೇಳಲಿ. ಬಿಗಿಯ ಪರ ಇರುವವರು ಬಿಗಿಯ ಬೆಲೆ ಒಪ್ಪಿದರೆ, ಎದುರಿನವರು ರೋಗವನ್ನು ಒಪ್ಪುವುದು ಸ್ವಲ್ಪ ಸುಲಭವಾದೀತು. ಯುಗಾದಿಗೆ ಒಬ್ಬಟ್ಟು ಬಡಿಸುವ ಮೊದಲೇ ಈ ಕೆಲಸ ಮುಗಿದಿರಲಿ.

ದುಡ್ಡು ಹೊಡೆಯಲು ಮಾಡಿದ ಆಟ ಎಂಬ ಮಾತು ನಿಮ್ಮ ಜಿಲ್ಲೆಯಲ್ಲಿ ಹೆಚ್ಚು ಕೇಳುವುದಕ್ಕೆ ಕಾರಣವಿದೆ. ಆಗಿನ ವೈದ್ಯಕೀಯ ಶಿಕ್ಷಣ ಸಚಿವ, ಆಮೇಲೆ ಆರೋಗ್ಯವನ್ನೂ ನೋಡಿಕೊಂಡ ಡಾ. ಕೆ. ಸುಧಾಕರ್ ಚಿಕ್ಕಬಳ್ಳಾಪುರದವರೇ. ಹೊಗಳಿಕೆ, ಬೈಗುಳ ಎರಡೂ ಮನೆ ಬಾಗಿಲಿಗೇ ಬಂದವು. ಕೊರೊನಾ ಕಾಲದ ಖರೀದಿಗಳನ್ನು ತನಿಖೆ ಮಾಡಲು 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕಲ್ ಡಿ’ಕುನ್ಹಾ ಆಯೋಗ ನೇಮಕವಾಯಿತು. ಲೆಕ್ಕ ಕೇಳುವುದು ನಿಮ್ಮ ಮಗನ ಹಕ್ಕು, ಕೇಳಲಿ. ಖರೀದಿಯಲ್ಲಿ ಅಕ್ರಮ ನಡೆದಿದೆ ಎಂದು ನಾಳೆ ಸಾಬೀತಾದರೂ, ಅದರಿಂದ ಬೀಗರ ಶ್ವಾಸಕೋಶಕ್ಕೆ ಬಂದ ರೋಗ ಸುಳ್ಳಾಗುವುದಿಲ್ಲ.

ಹಾಸನದ ಮಾತಿಗೆ ಬರೋಣ. 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವುಗಳ ಸುದ್ದಿ ಬಂತು, ಅದರಲ್ಲಿ ಎಳೆಯರೂ ಇದ್ದರು. ಸ್ವತಃ ಮುಖ್ಯಮಂತ್ರಿಗಳೇ ಲಸಿಕೆಗೆ ಆತುರದ ಅನುಮತಿ ಕೊಟ್ಟದ್ದೂ ಕಾರಣವಿರಬಹುದು ಎಂದರು. ಹಾಗಾಗಿ ನಿಮ್ಮ ಮಗನನ್ನು ಮೂಢ ಎನ್ನಲು ಬರುವುದಿಲ್ಲ. ಆದರೆ ಅವನ ಮೊಬೈಲಿಗೆ ಬರದೆ ಉಳಿದದ್ದು ಆಮೇಲಿನ ಕಥೆ. ಜಯದೇವ ಆಸ್ಪತ್ರೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿ, ಲಸಿಕೆಗೂ ಈ ದಿಢೀರ್ ಸಾವುಗಳಿಗೂ ನೇರ ಸಂಬಂಧ ಕಾಣಲಿಲ್ಲ ಎಂದು ಅದೇ ಜುಲೈನಲ್ಲಿ ಹೇಳಿತು. ಅದಕ್ಕೂ ಮೊದಲು 47 ಆಸ್ಪತ್ರೆಗಳ ಮಾಹಿತಿ ಸೇರಿಸಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 18ರಿಂದ 45 ವಯಸ್ಸಿನವರ ದಿಢೀರ್ ಸಾವಿನ ಅಧ್ಯಯನ ಮಾಡಿತ್ತು. ಹಿಂದೆ ಕೊರೊನಾ ಬಂದು ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ದಿಢೀರ್ ಸಾವು ಇದ್ದದ್ದು, ವಿಪರೀತ ಕುಡಿತ ಇವು ಅಪಾಯ ಹೆಚ್ಚಿಸಿದವು, ಲಸಿಕೆ ಹೆಚ್ಚಿಸಲಿಲ್ಲ ಎಂಬುದು ಅದರ ಸಾರ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಬಹಳ ಅಪರೂಪವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗುತ್ತದೆ ಎಂಬುದೂ ನಿಜ, ಯುರೋಪಿನ ಔಷಧ ನಿಯಂತ್ರಕರು 2021ರಲ್ಲೇ ಹೇಳಿದ್ದರು. ಇದನ್ನು ಮುಚ್ಚಿಡಬೇಡಿ. ನಿಮ್ಮ ಬಾಯಿಂದ ಕೇಳಿದರೆ ನಿಮ್ಮ ಮೇಲಿನ ನಂಬಿಕೆ ಉಳಿಯುತ್ತದೆ, ಮೊಬೈಲಿನಿಂದ ಕೇಳಿದರೆ ಹೋಗುತ್ತದೆ.

‘ನಾನು ಬರೀ ಪ್ರಶ್ನೆ ಕೇಳ್ತಿದ್ದೀನಿ’ ಎಂದು ಅವನು ಹೇಳಿಯೇ ಹೇಳುತ್ತಾನೆ. ಒಳ್ಳೆಯದು. ಪ್ರಶ್ನೆ ಕೇಳುವುದನ್ನು ನಾಡಿಗೆಲ್ಲ ಹೇಳಿಕೊಟ್ಟ ಎಚ್. ನರಸಿಂಹಯ್ಯ ಸೊಸೆಯ ತವರಿನ ತಾಲ್ಲೂಕಿನವರು, ಗೌರಿಬಿದನೂರಿನ ಹೊಸೂರಿನವರು. ಅವರು ಹುಟ್ಟಿ ನೂರು ವರ್ಷ ತುಂಬಿದ್ದೂ 2020ರ ಜೂನ್‌ನಲ್ಲೇ, ಕೊರೊನಾ ಗಲಾಟೆಯ ನಡುವೆ. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡ ಪುರುಷರನ್ನೇ ಪರೀಕ್ಷೆಗೆ ಕರೆದವರು. ಸರ್ಕಾರದ ಬುಲೆಟಿನ್‌ಗೆ ಕೇಳುವ ಪ್ರಶ್ನೆಯನ್ನೇ ವಾಟ್ಸ್‌ಆ್ಯಪ್ ಫಾರ್ವರ್ಡ್‌ಗೂ ಕೇಳು ಎಂದು ಮಗನಿಗೆ ಹೇಳಿ. ಇದನ್ನು ಯಾರು ಹೇಳಿದರು, ಎಷ್ಟು ಜನರನ್ನು ನೋಡಿ ಹೇಳಿದರು? ಕೊರೊನಾ ಬರುವುದನ್ನು ವೀರಬ್ರಹ್ಮಂ ಕಾಲಜ್ಞಾನದಲ್ಲಿ ಮೊದಲೇ ಬರೆದಿದ್ದರು ಎಂಬ ಸಂದೇಶ ನಿಮ್ಮ ಕಡೆ ಎಷ್ಟು ಓಡಾಡಿತು! ಅದನ್ನು ಹಂಚಿದ ಬಾಯಲ್ಲೇ ಕೊರೊನಾ ಇರಲೇ ಇಲ್ಲ ಎನ್ನುವವರೂ ಇದ್ದಾರೆ.

ಇಷ್ಟೆಲ್ಲ ಮೆತ್ತಗೆ ಹೇಳಿದವಳು ಒಂದು ಕಡೆ ಗಟ್ಟಿಯಾಗಿ ಹೇಳುತ್ತೇನೆ. ಸೊಸೆಯ ಎದುರಿಗೆ ಆ ‘ಸುಳ್ಳು’ ಎಂಬ ಮಾತು ಇನ್ನು ನಿಲ್ಲಬೇಕು. ಇದಕ್ಕೆ ವಾದ ಬೇಡ, ವೈಜ್ಞಾನಿಕ ವಿವರಣೆಯೂ ಬೇಡ. ನೀವು, ಯಜಮಾನರು ಇಬ್ಬರೂ ಕೂತು, ‘ಹೊರಗೆ ಏನಾದರೂ ಹೇಳಿಕೋ, ಈ ಮನೆಯಲ್ಲಿ ಅವಳಪ್ಪನ ಸಾವನ್ನು ಸುಳ್ಳು ಮಾಡಬೇಡ’ ಎಂದು ಹೇಳಿಬಿಡಿ. ಹಿರಿಯರ ಮಾತಿಗೆ ಇನ್ನೂ ಬೆಲೆಯಿರುವುದು ಇಂಥ ಕಡೆಗಾದರೂ ಉಪಯೋಗಕ್ಕೆ ಬರಲಿ.

ಅವಳು ಗೌರಿಬಿದನೂರಿನವಳು ಎಂಬುದನ್ನು ಮರೆಯಬೇಡಿ. ರಾಜ್ಯದಲ್ಲಿ ಎಲ್ಲರಿಗಿಂತ ಮೊದಲೇ ಪೆಟ್ಟು ತಿಂದ ಊರುಗಳಲ್ಲಿ ಅದೂ ಒಂದು. 2020ರ ಮಾರ್ಚ್‌ನಲ್ಲಿ ಯಾತ್ರೆ ಮುಗಿಸಿ ವಿದೇಶದಿಂದ ಮರಳಿದವರಲ್ಲಿ ಸೋಂಕು ಕಂಡಿತು, ತಿಂಗಳು ಮುಗಿಯುವುದರೊಳಗೆ ಸಾವೂ ಆಯಿತು, ಊರಿಗೆ ದಿಗ್ಬಂಧನ ಬಿತ್ತು. ಹಿಂದೂಪುರದ ಕಡೆಯ ದಾರಿ ಮುಚ್ಚಿತು. ಗೌರಿಬಿದನೂರಿನವರು ಎಂದರೆ ಸಾಕು, ಅಕ್ಕಪಕ್ಕದ ಊರವರು ದೂರ ಸರಿಯುತ್ತಿದ್ದ ದಿನಗಳವು. ಒಂದು ಧರ್ಮದವರನ್ನೇ ರೋಗ ಎಂದು ಕರೆದ ನಾಚಿಕೆಗೇಡಿನ ಮಾತುಗಳೂ ಆಗಲೇ ಹುಟ್ಟಿದವು. ಇದನ್ನೆಲ್ಲ ಕಣ್ಣಾರೆ ನೋಡಿದ ಹುಡುಗಿ ಮರುವರ್ಷ ಅಪ್ಪನನ್ನು ಕಳೆದುಕೊಂಡಳು. ಆ ಮೇ ತಿಂಗಳಲ್ಲಿ ರಾಜ್ಯದಲ್ಲಿ ಒಂದೇ ದಿನ ಐವತ್ತು ಸಾವಿರ ಜನರಿಗೆ ಸೋಂಕು ಬಂದದ್ದಿದೆ, ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಒಂದೇ ರಾತ್ರಿಯಲ್ಲಿ ಹೆಣಗಳು ಬಿದ್ದದ್ದಿದೆ. ದೇಶದಲ್ಲಿ ಆ ಎರಡು ವರ್ಷ ಸತ್ತವರ ಬಗ್ಗೆ ಸರ್ಕಾರದ ಲೆಕ್ಕ ಸುಮಾರು 4.8 ಲಕ್ಷ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 47 ಲಕ್ಷ. ಕೇಂದ್ರ ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ. ನೋಡಿ, ಅಲ್ಲಿನ ಜಗಳ ಸಾವನ್ನು ಕಡಿಮೆ ತೋರಿಸಿದರು ಎಂಬುದು, ಇಲ್ಲದ್ದನ್ನು ಹುಟ್ಟಿಸಿದರು ಎಂಬುದಲ್ಲ.

ಹೆಣ ಮನೆಗೆ ಬರಲಿಲ್ಲ ಎಂದು ಬರೆದಿದ್ದೀರಿ. ಅಪ್ಪನ ಮುಖ ನೋಡದೆ, ಹನ್ನೊಂದನೇ ದಿನದ ಕಾರ್ಯಕ್ಕೆ ನಾಲ್ಕು ಜನ ಸೇರದೆ ಹೋದ ಸಾವು ಅದು. ಗಂಡನಿಗೆ ಆ ಕಥೆಯನ್ನು ಅವಳು ಪೂರ್ತಿಯಾಗಿ ಒಮ್ಮೆಯೂ ಹೇಳಿರಲಿಕ್ಕಿಲ್ಲ. ಹೇಳು ಎಂದು ಒತ್ತಾಯ ಬೇಡ. ಮುಂದಿನ ಮೇ ತಿಂಗಳಲ್ಲಿ ತವರಲ್ಲಿ ಅಪ್ಪನ ವರ್ಷದ ದಿನ ಎಡೆ ಇಡುವಾಗ ಮಗನನ್ನೂ ಮೊಮ್ಮಗಳನ್ನೂ ಅವಳ ಜೊತೆ ಕಳಿಸಿ, ನೀವೂ ಹೋಗಿ. ಗೂಡು ಕಳೆದುಕೊಂಡವನಿಗೂ ಅಪ್ಪನನ್ನು ಕಳೆದುಕೊಂಡವಳಿಗೂ ಒಂದೇ ವರ್ಷಗಳ ಮೇಲೆ ಕೋಪವಿದೆ. ಅವಳಮ್ಮನ ಬಾಯಿಂದ ಆಸ್ಪತ್ರೆಯ ಆ ದಿನಗಳನ್ನು ಅವನು ಕೇಳಿದರೆ, ನಾನು ಇಷ್ಟು ಉದ್ದ ಬರೆದದ್ದಕ್ಕಿಂತ ಅದರಿಂದಲೇ ಹೆಚ್ಚು ಕೆಲಸವಾಗಬಹುದು.

ಇನ್ನು ನಿಮ್ಮ ಭಯ. ರೋಗಗಳು ಬರುತ್ತವೆ, ಬಂದೂ ಇವೆ. 2023ರಲ್ಲಿ ನಿಮ್ಮ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಸಿಕ್ಕಿತು. ಸುತ್ತಲಿನ ಐದು ಕಿಲೋಮೀಟರ್ ಊರುಗಳಲ್ಲಿ ಬಸುರಿಯರ ರಕ್ತ ಪರೀಕ್ಷೆಯಾಯಿತು, ಜ್ವರದವರನ್ನು ಹುಡುಕಿದರು, ನೀರಿನ ತೊಟ್ಟಿ ತೊಳೆಸಿದರು. ಯಾರ ಮಾರುಕಟ್ಟೆಯೂ ಮುಚ್ಚಲಿಲ್ಲ. 2025ರ ಫೆಬ್ರುವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿಜ್ವರ ದೃಢಪಟ್ಟಾಗ ಕೋಳಿಗಳನ್ನು ಕೊಂದು ಹೂಳಿದರು, ಸುತ್ತ ನಿಗಾ ಇಟ್ಟರು, ಅಷ್ಟಕ್ಕೇ ನಿಂತಿತು. ಆಯ್ದು ತೆಗೆಯುವುದನ್ನು ಇಲಾಖೆಗಳೂ ಕಲಿತಿವೆ. ಇದನ್ನು ಮಗನಿಗೂ ತೋರಿಸಿ.

ಮುಂದಿನ ಸಲ ನಿಮಗೆ ಯಾರಾದರೂ ಚೀಟಿ ಕೊಟ್ಟು ಅಂಟಿಸು ಎಂದರೆ ಕೇಳಿ: ಆದೇಶ ಎಲ್ಲಿದೆ? ಈ ಮನೆಗೆ ರೇಷನ್, ಹಾಲು ಯಾರು ತಂದುಕೊಡುತ್ತಾರೆ? ಇವರ ಹಸುವಿಗೆ ಹುಲ್ಲು, ಹುಳಕ್ಕೆ ಸೊಪ್ಪು ಯಾರು ಹಾಕುತ್ತಾರೆ? ಪಂಚಾಯಿತಿಯವರು ಉತ್ತರ ಕೊಡಲಿ, ಆಮೇಲೆ ನೀವು ಹೋಗಿ. ಹೀಗೆ ಕೇಳುವುದು ಎದುರು ಮಾತಲ್ಲ. 2020ರ ಜುಲೈನಲ್ಲಿ ನಮ್ಮ ರಾಜ್ಯದ ನಲವತ್ತು ಸಾವಿರಕ್ಕೂ ಹೆಚ್ಚು ಆಶಾಗಳು 12,000 ರೂಪಾಯಿ ಗೌರವಧನಕ್ಕೆ, ಮಾಸ್ಕ್–ಗ್ಲೌಸ್‌ಗೆ ಮುಷ್ಕರ ಹೂಡಿದ್ದಿರಿ. ನಿಮಗೆ ಕೇಳಲು ಬರುತ್ತದೆ.

ಚೀಟಿ ಅಂಟಿಸಿದ್ದು ತಪ್ಪಾ ಎಂದು ಕೇಳಿದ್ದೀರಿ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ, ವಿಪತ್ತು ನಿರ್ವಹಣಾ ಕಾಯ್ದೆಯಡಿ ಅಧಿಕಾರ ಇರುವವರ ಆದೇಶವಿಲ್ಲದೆ ರೋಗಿಗಳ ಮನೆ ಮುಂದೆ ಪೋಸ್ಟರ್ ಅಂಟಿಸುವಂತಿಲ್ಲ ಎಂದಿತು. ನೀವು ಅಂಟಿಸಿದ್ದು ಅದಕ್ಕೂ ಮೊದಲು, ಹೇಳಿದ್ದಕ್ಕೆ, ಕೈಯಲ್ಲಿ ಗ್ಲೌಸೂ ಇಲ್ಲದ ಕಾಲದಲ್ಲಿ. ಆ ನಿರ್ಧಾರ ನಿಮ್ಮದಲ್ಲ. ಆದರೆ ಆ ಮನೆಯವರು ನೋಡಿದ್ದು ಆದೇಶ ಬರೆದವರ ಮುಖವನ್ನಲ್ಲ, ನಿಮ್ಮ ಮುಖವನ್ನು. ಅವರ ಮನೆಗೆ ನೀರು ಬಿಡದವರು, ಅಂಗಡಿಯಲ್ಲಿ ಸಾಮಾನು ಕೊಡದವರು ಎಲ್ಲರ ಲೆಕ್ಕವನ್ನೂ ಅವರು ನಿಮ್ಮ ಹೆಸರಿಗೇ ಬರೆದಿರಬಹುದು.

ಹೋಗಿ ಬನ್ನಿ. ಆಶಾ ಕೆಲಸದ ಗುಲಾಬಿ ಸೀರೆ ಉಟ್ಟು ಹೋಗಬೇಡಿ, ಮನೆಯ ಸೀರೆಯಲ್ಲಿ ಹೋಗಿ. ‘ನನಗೆ ಹಾಗೆ ಹೇಳಿದ್ದರು’ ಎಂದು ಶುರುಮಾಡಬೇಡಿ. ಆ ಹದಿನಾಲ್ಕು ದಿನ ನಿಮಗೆ ಹೇಗೆ ಕಳೆಯಿತು ಎಂದು ಕೇಳಿ, ಅವರು ಬೈದರೆ ಬೈಸಿಕೊಳ್ಳಿ. ಬಾಗಿಲು ತೆಗೆಯದಿದ್ದರೆ ಎರಡು ತಿಂಗಳು ಬಿಟ್ಟು ಇನ್ನೊಂದು ಸಲ ಹೋಗಿ.